ಗೋಡೆಗೆ ಬಿಟ್ಟ ಬೆರಳಗಲ

ಮಾರ್ಚ್ 3, ಸೋಮವಾರ

ಕೈ: ಖಾಲಿ ಲೋಟ ಹಿಡಿಯುತ್ತದೆ. ಚಹಾ ತುಂಬಿದ ಲೋಟ ಹಿಡಿಯುವುದಿಲ್ಲ.

ದಿನಕ್ಕೊಂದು ಸಾಲು ಹೀಗೆ ಬರೆದಿಡಿ ಎಂದು ಇವರ ಬಲಗೈಗೆ ವ್ಯಾಯಾಮ ಮಾಡಿಸುವ ಫಿಜಿಯೋ ಹುಡುಗಿ ಹೇಳಿದ್ದಾಳೆ. ಬರೆಯುತ್ತೇನೆ. ಆ ಸಾಲನ್ನು ಅವಳಿಗೆ ಓದಿ ಹೇಳುತ್ತೇನೆ, ಪುಸ್ತಕ ಮಾತ್ರ ಕೈಗೆ ಕೊಡುವುದಿಲ್ಲ. ಉಳಿದದ್ದೆಲ್ಲ ನನ್ನ ಗೋಳು. ಇವರಿಗೆ ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ, ಹೊಲಿಗೆ ಮಷಿನ್‌ಗೆ ಕಿವಿಯಿಲ್ಲ. ಮತ್ತೆ ಯಾರ ಹತ್ತಿರ ಹೇಳಿಕೊಳ್ಳಲಿ?

ಇವತ್ತು ಅಡುಗೆಮನೆಯ ನೆಲ ಕಿತ್ತಾಯಿತು. ಸಿಂಕಿನ ಕೆಳಗೆ ಯಾವ ಕಾಲದಿಂದ ನೀರು ಸೋರುತ್ತಿತ್ತೋ, ಹಳೆಯ ರಬ್ಬರ್ ಹಾಸು ಎತ್ತಿದರೆ ಅದರಡಿಯ ಪ್ಲೈವುಡ್ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಪುಡಿಪುಡಿ. ಕೀಳಲು ಮೈದುನ ಬಂದಿದ್ದ. ಅಣ್ಣ ತಮ್ಮ ಇಬ್ಬರದೂ ಸೇರಿ ಒಂದೇ ಮರಗೆಲಸದ ಅಂಗಡಿ. ಮೇಜು, ಕುರ್ಚಿ, ಬೀರು ಮಾಡುತ್ತಾರೆ. ಇವರಿಗೆ ಸ್ಟ್ರೋಕ್ ಆದಮೇಲೆ ಅವನೊಬ್ಬನೇ ನೋಡಿಕೊಳ್ಳುತ್ತಿದ್ದಾನೆ. ಕೈ ತೊಳೆದುಕೊಂಡು ಬಂದವನು ಬಾಗಿಲ ಹತ್ತಿರವೇ ನಿಂತು ವಿಷಯ ತೆಗೆದ.

"ಅಣ್ಣ, ನಾನೊಬ್ಬನೇ ಎಷ್ಟು ದಿನ ಅಂತ ಎಳೀಲಿ? ಸಾಕಾಗಿದೆ. ಜೂನ್‌ನಿಂದ ಅಂಗಡಿ ಬಾಡಿಗೆಗೆ ಕೊಟ್ಬಿಡೋಣ. ಕಿಟಕಿ ಬಾಗಿಲು ಮಾಡೋನೊಬ್ಬ ಕೇಳ್ತಿದ್ದಾನೆ. ನಾನೂ ಅವನ ಹತ್ರಾನೇ ಕೆಲಸ ಮಾಡ್ಕೊಂಡಿರ್ತೀನಿ."

ಇವರು ಕಿತ್ತ ನೆಲವನ್ನೇ ನೋಡಿದರು. ಆಮೇಲೆ, "ಇಲ್ಲಿಗೆ ಗಟ್ಟಿಮರದ ನೆಲ ನಾನು ಹಾಕ್ತೀನಿ. ಆಳು ಬೇಡ, ನೀನೂ ಬೇಡ. ಹಾಕಿದ್ಮೇಲೆ ಬಂದು ನೋಡು. ಸರಿಯಿಲ್ಲ ಅಂದ್ರೆ ಅಂಗಡಿ ಕೊಟ್ಬಿಡು, ನಾನು ತುಟಿಪಿಟಕ್ ಅನ್ನಲ್ಲ. ಸರಿ ಇದ್ರೆ ಬೀಗದ ಕೈ ನನ್ನ ಹತ್ರಾನೇ ಇರಲಿ" ಅಂದರು.

ಮೈದುನ ನನ್ನ ಮುಖ ನೋಡಿದ. ನಾನು ಪಾತ್ರೆ ನೋಡಿದೆ. ನೆಲ ಹಾಕುವ ಕೈ ಯಾವುದು ಎಂದು ಯಾರಾದರೂ ಕೇಳಬೇಕಿತ್ತು. ಯಾರೂ ಕೇಳಲಿಲ್ಲ.

ಅವನು ಹೋದಮೇಲೆ ನನಗೆ ಹೇಳಿದ್ದು ಇಷ್ಟು: "ನೀನೇನೂ ಮಾಡ್ಬೇಕಾಗಿಲ್ಲ ಕಣೇ. ಹಲಗೆ ತುದಿ ಹಿಡ್ಕೊಂಡ್ರೆ ಸಾಕು."

ಮಾರ್ಚ್ 5, ಬುಧವಾರ

ಕೈ: ಮೊನ್ನೆಯ ಹಾಗೆಯೇ.

ಮರ ಬಂತು. ಅಂಗಡಿಯ ಅಟ್ಟದ ಮೇಲೆ "ಒಳ್ಳೆ ಕೆಲಸಕ್ಕಿರಲಿ" ಎಂದು ಇವರು ವರ್ಷಗಟ್ಟಲೆ ಎತ್ತಿಟ್ಟಿದ್ದ ಮರ. ಮೈದುನ ಅದನ್ನು ಮಷಿನ್‌ಗೆ ಕೊಟ್ಟು, ಹಲಗೆಯ ಒಂದು ಅಂಚಿಗೆ ನಾಲಿಗೆ, ಇನ್ನೊಂದಕ್ಕೆ ಆ ನಾಲಿಗೆ ಕೂರುವ ಸೀಳು ತೆಗೆಸಿ ಕಳಿಸಿದ್ದಾನೆ. ಎಲ್ಲ ಬಂದು ಬಿದ್ದದ್ದು ಎಲ್ಲಿಗೆ? ನಮ್ಮ ಮಲಗುವ ಕೋಣೆಗೆ. ಮಂಚದ ಪಕ್ಕದಲ್ಲಿ ನನ್ನ ಸೊಂಟದೆತ್ತರಕ್ಕೆ ಅಟ್ಟಿ, ನಡುನಡುವೆ ಗಾಳಿಯಾಡಲಿ ಎಂದು ಚಕ್ಕೆ.

"ಮರಕ್ಕೆ ಈ ಮನೆ ಗಾಳಿ ಅಭ್ಯಾಸ ಆಗ್ಬೇಕು. ಇಲ್ಲಾಂದ್ರೆ ಹಾಕಿದ್ಮೇಲೆ ತಂಟೆ ಮಾಡುತ್ತೆ."

ನಾನು ಮದುವೆಯಾಗಿ ಬಂದಾಗ ನನಗೆ ಅಭ್ಯಾಸವಾಗಲಿ ಎಂದು ಯಾರೂ ಒಂದು ದಿನವೂ ಬಿಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆಯೇ ಒಲೆ ಮುಂದೆ. ಇದನ್ನು ಇವರಿಗೆ ಹೇಳಿದೆ. ನಕ್ಕರು. ಸ್ಟ್ರೋಕ್ ಆದಮೇಲೆ ನಗು ಒಂದೇ ಕಡೆಗೆ ಬರುತ್ತದೆ, ಆದರೂ ನಕ್ಕರು.

ಮಾರ್ಚ್ 14, ಶುಕ್ರವಾರ

ಒಂದೇ ಬರ್ನರಿನ ಒಲೆ ನಡುಮನೆಯ ದಾರಿಯಲ್ಲಿದೆ. ಪಾತ್ರೆ ತೊಳೆಯುವುದು ಬಚ್ಚಲಲ್ಲಿ, ಕುಕ್ಕರುಗಾಲಲ್ಲಿ. ಅನ್ನ, ಬೇಳೆ, ಮತ್ತೆ ಅನ್ನ, ಬೇಳೆ. ಹೊಲಿಗೆ ಮಷಿನ್ ಮೇಲೆ ಮಸಾಲೆ ಡಬ್ಬಿ ಕೂತಿದೆ. ಶಾಲೆ ಯೂನಿಫಾರಂ ಆರ್ಡರ್‌ಗಳು ಹಾಗೇ ಬಿದ್ದಿವೆ. ಅವಳಿ ಮಕ್ಕಳ ಅಮ್ಮ ಫೋನ್ ಮಾಡಿ "ಅಕ್ಕಾ, ಆಯ್ತಾ?" ಅಂದಳು. ಆಗ್ತಾ ಇದೆ ಎಂದು ಸುಳ್ಳು ಹೇಳಿದೆ. ಬಟ್ಟೆ ಇನ್ನೂ ಕತ್ತರಿಸಿಯೇ ಇಲ್ಲ.

ಸೊಂಟ ಬಿದ್ದುಹೋಗಿದೆ. ಕೈ ಬಗ್ಗೆ ಬರೆಯಲು ಮರೆತೆ. ಕೈ: ಇದೆ.

ಮಾರ್ಚ್ 19, ಬುಧವಾರ

ಇವತ್ತು ಶುರು. ಕೆಟ್ಟುಹೋಗಿದ್ದ ಜಾಗಕ್ಕೆ ಹೊಸ ಪ್ಲೈವುಡ್ ಕೂರಿಸಿ ಮೂರು ದಿನವಾಗಿತ್ತು. ಸ್ಕ್ರೂ ತಿರುಗಿಸಿದ್ದು ನಾನು, ಎಲ್ಲೆಲ್ಲಿ ಎಂದು ಬೆರಳು ತೋರಿಸಿದ್ದು ಇವರು. ಅಡಿಯಲ್ಲಿ ತೊಲೆಗಳು ಎಲ್ಲೆಲ್ಲಿ ಹಾದು ಹೋಗಿವೆಯೋ ಅಲ್ಲಲ್ಲಿ ಗೆರೆ ಎಳೆದುಕೊಂಡೆವು. ಹಲಗೆ ತೊಲೆಗೆ ಅಡ್ಡಲಾಗಿ ಕೂರಬೇಕಂತೆ, ಮೊಳೆ ತೊಲೆಗೇ ಇಳಿಯಬೇಕಂತೆ. ಸೀಮೆಸುಣ್ಣ ಸವರಿದ ದಾರದ ಎರಡು ತುದಿ ಹಿಡಿದು, ಎಳೆದು, ಪಟ್ಟನೆ ಬಿಟ್ಟರೆ ನೆಲದ ಮೇಲೆ ನೆಟ್ಟನೆ ಗೆರೆ. ಇದು ನನಗೆ ಹಿಡಿಸಿತು. ದಾರ, ಸುಣ್ಣ, ಟೇಪು, ನನ್ನ ಸಾಮಾನೇ ಎಲ್ಲ.

ಮೊದಲ ಮೊಳೆ ಇವರೇ ಹೊಡೆಯಲು ಹೋದರು. ಸುತ್ತಿಗೆ ಎತ್ತಿದರು. ಎತ್ತಿದ್ದು ಸರಿಯಾಗಿಯೇ ಇತ್ತು, ಇಳಿಯುವಾಗ ಕೈ ಎಲ್ಲಿಗೋ ಹೋಯಿತು. ಮೊಳೆ ಮಡಿಚಿತು, ಹಲಗೆ ಮೇಲೆ ಅರ್ಧಚಂದ್ರದಂಥ ಗಾಯ. ಇನ್ನೊಂದು ಸಲ. ಮತ್ತೆ ಹಾಗೆಯೇ. ಎಡಗೈಯಲ್ಲಿ ಮಾಡಿದರು, ಅದಕ್ಕೆ ಅಭ್ಯಾಸವಿಲ್ಲ. ನಾನು ಬೇರೆ ಕಡೆ ನೋಡುತ್ತಾ ಕೂತೆ. ನಲವತ್ತು ವರ್ಷ ಮೊಳೆ ಹೊಡೆದ ಮನುಷ್ಯ.

ಕೊನೆಗೆ ಸುತ್ತಿಗೆಯ ಹಿಡಿಯನ್ನು ನನ್ನ ಕಡೆ ಚಾಚಿದರು. "ಹಿಡ್ಕೋ" ಅಂದರು. ಅಷ್ಟೇ.

ಆ ಮೊದಲ ಹಲಗೆಯನ್ನು ಗೋಡೆಯ ಪಕ್ಕ ಕೂರಿಸುವಾಗ ಒಂದು ಮಾತು ಕೇಳಿದೆ. "ರೀ, ಗೋಡೆಗೂ ಹಲಗೆಗೂ ನಡುವೆ ಸ್ವಲ್ಪ ಜಾಗ ಬಿಡೋದು ಬೇಡ್ವಾ? ಯೂನಿಫಾರಂ ಅಂಚಿನ ಒಳಗೆ ಬಟ್ಟೆ ಮಡಚಿ ಬಿಡ್ತೀನಲ್ಲ, ಮಕ್ಕಳು ಬೆಳೀತಾವೆ ಅಂತ."

"ಇದು ಬೆಳೆಯೋ ಮಗು ಅಲ್ಲ. ಒಣಗಿ ಕಲ್ಲಾಗಿರೋ ಮರ."

ಹಾಗಾದರೆ ಇಷ್ಟು ದಿನ ಮಲಗುವ ಕೋಣೆಯಲ್ಲಿ ಯಾವ ಸುಖಕ್ಕೆ ಬಿದ್ದುಕೊಂಡಿತ್ತು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಇವರೇ ದನಿ ತಗ್ಗಿಸಿ ಅಂದರು: "ಗೋಡೆ ಬುಡದ ಪಟ್ಟಿ ಹೊಡೆಯೋಕೆ ಮುಂಚೆ ಅವನು ಬಂದು ನೋಡ್ತಾನೆ. ಸಂದು ಕಂಡ್ರೆ ಏನನ್ಕೋತಾನೆ?"

ಏನಂದುಕೊಳ್ಳುತ್ತಾನೆ? ಸಂದು ಇದೆ ಅಂದುಕೊಳ್ಳುತ್ತಾನೆ. ನನಗೆ ತಲೆಬುಡ ತಿಳಿಯಲಿಲ್ಲ. ಗೋಡೆಗೆ ಒತ್ತಿಯೇ ಇಟ್ಟೆವು.

ಮಾರ್ಚ್ 21, ಶುಕ್ರವಾರ

ಕೈ: ಎಡಗೈ ಹೆಬ್ಬೆರಳು ನೀಲಿಯಾಗಿದೆ, ನನ್ನದು.

ಮಾರ್ಚ್ 27, ಗುರುವಾರ

ಮೊಳೆಯನ್ನು ಹಲಗೆಯ ನಾಲಿಗೆಯ ಬುಡಕ್ಕೆ ಓರೆಯಾಗಿ ಹೊಡೆಯಬೇಕು. ಮುಂದಿನ ಹಲಗೆಯ ಸೀಳು ಬಂದು ಅದನ್ನು ಮುಚ್ಚಿಬಿಡುತ್ತದೆ, ಮೇಲೆ ಒಂದೂ ಕಾಣುವುದಿಲ್ಲ. ಜೇಬಿನ ಒಳಹೊಲಿಗೆಯೂ ಹೀಗೆಯೇ ಅಂದೆ. ಇವರು "ಹೂಂ" ಅಂದರು. ಆ "ಹೂಂ" ಇವರು ತಮ್ಮನಿಗೆ ಅನ್ನುವ ಥರದ್ದು, ನನಗೆ ಅನ್ನುವ ಥರದ್ದಲ್ಲ.

ಮೊಳೆ ತೊಲೆಗೆ ಇಳಿದರೆ ದನಿ ದಪ್ಪ. ತಪ್ಪಿ ಬರೀ ಪ್ಲೈವುಡ್‌ಗೆ ಇಳಿದರೆ ಟೊಳ್ಳು. ಇವತ್ತು ಒಂದು ಮೊಳೆ ಹೊಡೆದು, ಇವರು ಬಾಯಿ ತೆಗೆಯುವ ಮೊದಲೇ ನಾನೇ ಇಕ್ಕಳ ತೆಗೆದುಕೊಂಡು ಕಿತ್ತೆ. ಇವರು ಬಾಯಿ ಮುಚ್ಚಿಕೊಂಡರು. ಆಮೇಲೆ ಇಡೀ ಮಧ್ಯಾಹ್ನ ಹೆಚ್ಚು ಬೈಯಲಿಲ್ಲ. ಬೈಗುಳ ಇಲ್ಲದಿದ್ದರೆ ಕೆಲಸವೇ ಓಡುವುದಿಲ್ಲವಪ್ಪ, ಇದೇನು ಗ್ರಹಚಾರ.

ಅವಳಿಗಳ ಅಮ್ಮ ಮತ್ತೊಮ್ಮೆ ಅಳತೆ ಕೊಡಲು ಬಂದಿದ್ದಳು. ಪೆನ್ಸಿಲ್ ಹುಡುಕಿ ಹುಡುಕಿ ಸಾಕಾಯಿತು. "ಅಕ್ಕಾ, ಕಿವಿ ಮೇಲಿದೆಯಲ್ಲ" ಎಂದು ಬಿದ್ದು ಬಿದ್ದು ನಕ್ಕಳು. ಧೂಳಿಗೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದೆ, ಅದರಲ್ಲಿ ಸಿಕ್ಕಿಕೊಂಡಿರಬೇಕು.

ಮಾರ್ಚ್ 31, ಸೋಮವಾರ

ಕೊನೆಯ ಸಾಲು. ಆ ಕಡೆಯ ಗೋಡೆಗೆ ಪೂರ್ತಿ ಹಲಗೆ ಹಿಡಿಸುವುದಿಲ್ಲ, ಉದ್ದಕ್ಕೆ ಸೀಳಿ ಸಣ್ಣದು ಮಾಡಬೇಕು. ಇವರು ಗುರುತು ಹಾಕಿದರು, ನಾನು ಕೊಯ್ದೆ. ಬಿಗಿಯಾಯಿತು. ಸ್ವಲ್ಪ ಹೆರೆಯೋಣ ಅಂದೆ. "ಬೇಡ, ಬಿಗಿ ಇರಲಿ" ಎಂದು ಮರದ ತುಂಡು ಅಡ್ಡ ಇಟ್ಟು, ಹಾರೆಯಿಂದ ಒತ್ತಿಸಿ, ಹೊಡೆಸಿದರು. ಕೂತಿತು. ಗೋಡೆಗೂ ನೆಲಕ್ಕೂ ನಡುವೆ ಕೂದಲು ತೂರುವುದಿಲ್ಲ.

ಇವರು ನೆಲದ ಮೇಲೆ ಅಂಗಾತ ಮಲಗಿಬಿಟ್ಟರು. ನಾನೂ ಪಕ್ಕದಲ್ಲಿ ಮಲಗಿದೆ. ಏಳಲು ಇಬ್ಬರಿಗೂ ಆಗಲಿಲ್ಲ, ಹಾಗೆಯೇ ನಿದ್ದೆ ಬಂತು. ಊಟ ಮಾಡಲಿಲ್ಲ.

ಏಪ್ರಿಲ್ 3, ಗುರುವಾರ

ಮೈದುನ ಬಂದ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡೆದ. ಮಂಡಿಯೂರಿ ಮೂಲೆ ಮುಟ್ಟಿ ನೋಡಿದ. ಕೊನೆಗೆ ಕಣ್ಣು ತುಂಬಿಕೊಂಡು, "ಅಣ್ಣ! ನಿನ್ನ ಕೈ ಎಲ್ಲೂ ಹೋಗಿಲ್ಲ ಅಣ್ಣ" ಅಂದ.

ಇವರು ತಲೆ ತಗ್ಗಿಸಿದರು. ಇಲ್ಲ ಕಣೋ ಎಂದು ಒಂದು ಮಾತು ಬರಬಹುದೆಂದು ಕಾದೆ. ಬರಲಿಲ್ಲ. ಬ್ಯಾಂಡೇಜ್ ಸುತ್ತಿದ ಹೆಬ್ಬೆರಳನ್ನು ಹಿಂದೆ ಇಟ್ಟುಕೊಂಡು ನಾನು ಚಹಾ ಮಾಡಲು ಹೋದೆ.

ನನಗೇನೂ ಬೇಜಾರಿಲ್ಲ. ಅಂಗಡಿ ಉಳಿಯಿತಲ್ಲ, ಅದು ಮುಖ್ಯ. ತುದಿ ಹಿಡಿದುಕೋ ಅಂದಿದ್ದರು, ಹಿಡಿದುಕೊಂಡೆ. ಬೇಜಾರೇನೂ ಇಲ್ಲ. ಚಹಾಕ್ಕೆ ಸಕ್ಕರೆ ಹಾಕಲು ಮರೆತೆ, ಅಣ್ಣ ತಮ್ಮ ಇಬ್ಬರೂ ಸುಮ್ಮನೆ ಕುಡಿದರು.

ಏಪ್ರಿಲ್ 20, ಭಾನುವಾರ

ಯೂನಿಫಾರಂ, ಯೂನಿಫಾರಂ, ಯೂನಿಫಾರಂ. ಇವರು ಅಂಗಡಿಗೆ ಹೋಗಿ ಕೂತು ಬರುತ್ತಾರೆ. ಏನು ಮಾಡಿದಿರಿ ಅಂದರೆ "ನೋಡ್ಕೊಂಡೆ" ಅನ್ನುತ್ತಾರೆ.

ಮೇ 12, ಸೋಮವಾರ

ನಾಲ್ಕು ದಿನದಿಂದ ಬಿಡದೆ ಮಳೆ. ಗೋಡೆ ಬೆವರುತ್ತಿದೆ, ಡಬ್ಬಿಯಲ್ಲಿ ಉಪ್ಪು ನೀರಾಗಿದೆ. ಬೆಳಿಗ್ಗೆ ಹಾಲಿಟ್ಟು ತಿರುಗಿದೆ, ಕಾಲಿಗೆ ಏನೋ ತಡೆದು ಮುಗ್ಗರಿಸಿದೆ. ಬಗ್ಗಿ ನೋಡಿದರೆ ಏನೂ ಬಿದ್ದಿಲ್ಲ. ತಡೆದದ್ದು ನೆಲವೇ. ಒಲೆಗೂ ಸಿಂಕಿಗೂ ನಡುವೆ ಹಲಗೆಗಳು ಬೆಕ್ಕು ಬೆನ್ನೆತ್ತಿದ ಹಾಗೆ ಎದ್ದು ನಿಂತಿವೆ.

ಇವರನ್ನು ಕರೆಯಲಿಲ್ಲ. ಅವರೇ ಬಂದರು. ಬಂದು, ಕಾಲಿನಿಂದ ಉಬ್ಬನ್ನು ಒತ್ತಿದರು. ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು, ಇಬ್ಬರೂ ನೋಡುತ್ತಾ ನಿಂತೆವು.

ಮೇ 13, ಮಂಗಳವಾರ

ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. "ನಾನು ಹೇಳ್ಲಿಲ್ವಾ? ಮೊದಲ ದಿನಾನೇ ಬಾಯಿ ಬಡ್ಕೊಂಡೆ, ಜಾಗ ಬಿಡಿ, ಜಾಗ ಬಿಡಿ ಅಂತ. ಮರ ಉಬ್ಬುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ? ಇಷ್ಟು ವರ್ಷ ಮಾಡಿದ್ದೇನು ಮತ್ತೆ?"

"ಗೊತ್ತಿತ್ತು."

"ಗೊತ್ತಿದ್ದೂ?"

ಇವರು ಕಿಟಕಿ ಕಡೆ ತಿರುಗಿಕೊಂಡು ಅಂದರು: "ಸಂದು ಬಿಟ್ಟಿದ್ರೆ, ಕೈ ನಡುಗಿ ಸೊಟ್ಟ ಕೊಯ್ದಿದ್ದಾನೆ ಅಂತ ಕಾಣ್ತಿತ್ತು ಕಣೇ."

"ಕೊಯ್ದಿದ್ದು ನಾನಲ್ವೇನ್ರೀ!"

"ಅದೂ ಗೊತ್ತಾಗ್ತಿತ್ತು."

ಇವರು ಫೋನ್ ತೆಗೆದುಕೊಂಡು ತಮ್ಮನಿಗೆ, "ಆ ಕಿಟಕಿಯವನಿಗೆ ಹೇಳ್ಬಿಡು, ಅಂಗಡಿ ಅವನಿಗೇ" ಅಂದರು. ಅವನು ಯಾಕೆ ಏನು ಎಂದು ಕೇಳುತ್ತಿದ್ದದ್ದು ನನಗೂ ಕೇಳಿಸಿತು. ಇಟ್ಟುಬಿಟ್ಟರು. ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದರು.

ನಾನು ಹೇಳಿದ್ದೇ ಸರಿಯಾಯಿತು. ಆದರೆ ಅದರಿಂದ ನನಗೆ ಸಿಕ್ಕ ಸುಖವೇನು? ಮಣ್ಣು. ಮೈಯೆಲ್ಲ ನೋವು, ಅಳು ಬಂತು, ಅತ್ತೆ. ಪಾಪದ ಮನುಷ್ಯ, ಒಂದು ಬೆರಳಗಲ ಜಾಗಕ್ಕೆ ಹೆದರಿಕೊಂಡಿದ್ದರಲ್ಲ.

ಮೇ 15, ಗುರುವಾರ

ಇವರು ಎದ್ದಿಲ್ಲ. ಫಿಜಿಯೋ ಹುಡುಗಿ ಬಂದರೆ ತಲೆನೋವು ಎಂದು ವಾಪಸು ಕಳಿಸಿದರು. ಊಟದ ತಟ್ಟೆಯಲ್ಲಿ ಬೆರಳಾಡಿಸಿ ಆಚೆ ತಳ್ಳಿದರು.

ಎಷ್ಟು ದಿನ ಅಂತ ಆ ಉಬ್ಬನ್ನು ದಾಟಿಕೊಂಡು ಅಡುಗೆ ಮಾಡಲಿ? ಮಧ್ಯಾಹ್ನ ಸುತ್ತಿಗೆ, ಹಾರೆ ತೆಗೆದುಕೊಂಡು ಕೂತೆ. ಗೋಡೆ ಬುಡದ ಪಟ್ಟಿ ಕಿತ್ತೆ. ಬಿಗಿಯಾಗಿ ಕೂರಿಸಿದ ಕೊನೆಯ ಹಲಗೆ ಬರಲೇ ಒಲ್ಲದು. ಹಾರೆ ತೂರಿಸಿ, ಜೀವ ಬಿಟ್ಟು ಹೊಡೆಯುತ್ತಿದ್ದೆ. ಕೋಣೆಯೊಳಗಿಂದ ಕೂಗು ಬಂತು.

"ಹಾಗಲ್ಲ! ಹಾಗಲ್ವೇ! ಹಾರೆ ಅಡಿಗೆ ಮರದ ತುಂಡು ಕೊಡು! ಪಕ್ಕದ ಹಲಗೆ ತಿಂದುಹಾಕ್ತೀಯ!"

ನಾನು ಬೇಕೆಂದೇ ಇನ್ನೊಂದು ಸಲ ಹಾಗೆಯೇ ಹೊಡೆದೆ.

"ಅಯ್ಯೋ, ಕೈ ಮುಗೀತೀನಿ, ನಿಲ್ಸೇ!" ಎಂದು ಗೋಡೆ ಹಿಡಿದುಕೊಂಡು, ತಲೆ ಕೆದರಿಕೊಂಡು ಬಂದೇಬಿಟ್ಟರು. ಮರದ ತುಂಡನ್ನು ತಾವೇ ಹಾರೆಯಡಿಗೆ ತಳ್ಳಿದರು. ಒತ್ತಿದೆ. ಹಲಗೆ ಕಿರ್ರೆಂದು ಎದ್ದುಬಂತು. ಅದು ಬಂದ ಕ್ಷಣವೇ ಉಬ್ಬಿದ ಕಡೆಯಿಂದ ಲಟಲಟ ಸದ್ದು. ನೆಲ ಉಸಿರು ಬಿಟ್ಟಿತು ಅಂದರು ಇವರು. ಆಮೇಲೆ ಹಸಿವು ಅಂದರು.

ಮೇ 17, ಶನಿವಾರ

ಎರಡೂ ಕಡೆ ಗೋಡೆ ಬುಡದಲ್ಲಿ ಬೆರಳಗಲ ಜಾಗ ಮಾಡಿದೆವು. ಕೊನೆಯ ಸಾಲಿನ ಕಡೆಯದು ಸುಲಭ, ಕಿತ್ತ ಹಲಗೆಯನ್ನು ಸಣ್ಣಗೆ ಸೀಳಿ ಮತ್ತೆ ಹಾಕಿದರಾಯಿತು. ಮೊದಲ ಸಾಲಿನ ಕಡೆಯದು ಹಾಕಿದ ಜಾಗದಲ್ಲೇ ಕೊರೆಯಬೇಕು. ಹೊಟ್ಟೆ ಮೇಲೆ ಮಲಗಿ ಉಳಿ ಹಿಡಿದು ಚೂರು ಚೂರೇ ತೆಗೆದೆ. ಇವರು ಟಾರ್ಚ್ ಹಿಡಿದಿದ್ದರು. ಬೆಳಕು ನಡುಗುತ್ತಿತ್ತು. ಮೊದಲು ಕಣ್ಣು ಕಟ್ಟಿದ ಹಾಗಾಯಿತು, ಆಮೇಲೆ ಅದಕ್ಕೂ ಹೊಂದಿಕೊಂಡೆ.

ಉಬ್ಬು ಇಳಿಯುತ್ತಿದೆ. ಎಲ್ಲ ಒಮ್ಮೆಗೇ ಇಳಿಯಲ್ಲ, ಒಣಗಲಿ ಅಂದರು. ಇಳಿದಮೇಲೆ ಸಡಿಲಾದ ಕಡೆ ಮತ್ತೆ ಮೊಳೆ.

ಮೇ 25, ಭಾನುವಾರ

ಮಳೆ ನಿಂತು ವಾರವಾಯಿತು. ನೆಲ ನೆಲದ ಹಾಗೆ ಮಲಗಿದೆ. ಗೋಡೆ ಬುಡದ ಪಟ್ಟಿ ಮಾತ್ರ ಇನ್ನೂ ಹೊಡೆದಿರಲಿಲ್ಲ. ಬೆಳಿಗ್ಗೆ ಮೈದುನ ಫೋನ್ ಮಾಡಿದ, ಕಿಟಕಿಯವನು ಮಾತು ಪಕ್ಕಾ ಮಾಡಲು ಕಾಯುತ್ತಿದ್ದಾನೆ, ಬೀಗದ ಕೈ ತೆಗೆದುಕೊಳ್ಳಲು ಬರುತ್ತೇನೆ ಎಂದ.

ನಾನು ಪಟ್ಟಿ, ಸುತ್ತಿಗೆ ಎತ್ತಿಕೊಂಡೆ. "ರೀ, ಬೇಗ ಹೊಡ್ದುಬಿಡೋಣ. ಅವನು ಬರೋಷ್ಟರಲ್ಲಿ ಸಂದು ಮುಚ್ಚಿಹೋಗುತ್ತೆ. ನೆಲ ಸರಿಯಾಗಿದೆ ಅಂತ ನೋಡ್ಲಿ, ಅಂಗಡಿ ಉಳಿಯುತ್ತೆ."

"ಬೇಡ. ಹಾಗೇ ಇರಲಿ."

ಮೈದುನ ಬಂದ. ಬಂದವನ ಕಣ್ಣು ನೆಟ್ಟಗೆ ಹೋದದ್ದು ಅಲ್ಲಿಗೇ. ಬಗ್ಗಿ ಸಂದಿಗೆ ಬೆರಳು ತೂರಿಸಿದ.

"ಅಣ್ಣ, ಇದೇನು? ಹೋದ್ಸಲ ಇರ್ಲಿಲ್ಲ."

"ಹೋದ್ಸಲ ತಪ್ಪಾಗಿತ್ತು. ಮಳೆಗೆ ಎದ್ದುಬಿಡ್ತು. ಜಾಗ ಬಿಡು ಅಂತ ನಿನ್ನತ್ತಿಗೆ ಹೇಳಿದ್ಲು, ನಾನು ಕೇಳ್ಲಿಲ್ಲ." ಇವರು ಮೂಲೆಯ ಕಡೆ ತಿರುಗಿದರು. "ಆಗಲೂ ನಾನು ಹಾಕಿದ್ದಲ್ಲ ಕಣೋ. ಒಂದು ಮೊಳೇನೂ ನಾನು ಹೊಡೆದಿದ್ದಲ್ಲ. ಆ ಮೂಲೇಲಿ ಎರಡು ಗಾಯ ಇದೆಯಲ್ಲ, ಅದು ಮಾತ್ರ ನನ್ನ ಕೈ. ಉಳಿದಿದ್ದೆಲ್ಲ ಇವಳು."

ಮೈದುನ ನನ್ನನ್ನು ನೋಡಿದ, ನೆಲ ನೋಡಿದ. ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. "ಅತ್ತಿಗೆ, ನೀವಾ?" ಅಂದ. ಚಹಾ ಮಾಡ್ಲಾ ಅಂದೆ.

"ಮಾತಂದ್ರೆ ಮಾತು" ಎಂದು ಇವರು ಬೀಗದ ಕೈಯನ್ನು ಅವನ ಮುಂದೆ ಇಟ್ಟರು. "ನೆಲ ನಾನು ಹಾಕಿಲ್ಲ. ತಗೊಂಡು ಹೋಗು."

ಮೈದುನ ಅದನ್ನು ಮುಟ್ಟಲಿಲ್ಲ. ನೆಲದ ಮೇಲೆ ಅಂಗೈ ಆಡಿಸಿದ. ಕೊನೆಗೆ ಬೀಗದ ಕೈಯನ್ನು ಜರುಗಿಸಿ ನನ್ನ ಕಾಲ ಹತ್ತಿರ ಇಟ್ಟ.

"ಮೇಜಿನ ಆರ್ಡರ್ ಒಂದಿದೆ. ನನ್ನೊಬ್ಬನ ಕೈಲಿ ಆಗಲ್ಲ ಅಂತ ಬಿಡೋಣ ಅಂತಿದ್ದೆ. ಅಣ್ಣ ಬಾಯಲ್ಲಿ ಹೇಳಿಕೊಡ್ಲಿ, ಕಿಟಕಿಯವನಿಗೆ ಬೇಡ ಅಂತ ನಾನು ಹೇಳ್ತೀನಿ. ನೀವು ಬರ್ತೀರಾ ಅತ್ತಿಗೆ?"

ಯೂನಿಫಾರಂ ಇನ್ನೂ ಮುಗಿದಿಲ್ಲ ಅಂದೆ. ಇವರು ನಗುತ್ತಿದ್ದರು, ಆ ಒಂದೇ ಕಡೆಯ ನಗು.

ಜೂನ್ 2, ಸೋಮವಾರ

ಯೂನಿಫಾರಂ ಕೊಟ್ಟೆ. ಅವಳಿಗಳ ಅಮ್ಮ ಅಂಚು ತಿರುವಿ ನೋಡಿ, ಒಳಗೆ ಇಷ್ಟೊಂದು ಬಟ್ಟೆ ಬಿಟ್ಟಿದ್ದೀರಲ್ಲ ಅಂದಳು. ಇರಲಿ ಬಿಡು ಅಂದೆ.

ಆಮೇಲೆ ಅಂಗಡಿ. ಒಳಗೆ ಎಷ್ಟು ಕಸ! ಗಂಡಸರ ಅಂಗಡಿಯೆಂದರೆ ಇಷ್ಟೇ. ಗುಡಿಸಿ ಸಾಕಾಯಿತು. ಬೀಗದ ಕೈಯನ್ನು ನನ್ನ ಸೂಜಿ ಡಬ್ಬಿಯಲ್ಲಿಟ್ಟಿದ್ದೇನೆ, ಇವರ ಜೇಬಿನಲ್ಲಿಟ್ಟರೆ ಕಳೆಯುತ್ತಾರೆ.

ಮೇಜಿನ ಹಲಗೆಯನ್ನು ಕೊಯ್ಯಲು ಮರದ ಸ್ಟ್ಯಾಂಡಿನ ಮೇಲಿಟ್ಟು ಗೆರೆ ಎಳೆದೆ. ಗರಗಸ ತೆಗೆದುಕೊಂಡು ಇವರಿಗೆ ಚಾಚಿದೆ, ಅಭ್ಯಾಸಬಲ. ಇವರು ಅದನ್ನು ತೆಗೆದುಕೊಳ್ಳದೆ ಹಲಗೆಯ ಆ ಕೊನೆಗೆ ಹೋಗಿ ನಿಂತರು.

"ನೀನು ಕೊಯ್ಯಿ. ನಾನು ತುದಿ ಹಿಡ್ಕೋತೀನಿ."

ಕೈ: ಹಲಗೆಯ ತುದಿ ಹಿಡಿದಿತ್ತು. ನಡುಗುತ್ತಿತ್ತು, ಅದರ ಜೊತೆ ಹಲಗೆಯೂ ನಡುಗುತ್ತಿತ್ತು. ನಾನು ಆ ನಡುಕಕ್ಕೆ ಸರಿಯಾಗಿ ಗರಗಸ ಎಳೆದೆ. ಗೆರೆ ತಪ್ಪಲಿಲ್ಲ.